ಹಿರಿಯರು ಬಾಳಿದ ಮನೆಗೊಂದು ಫಲಕ ಹಾಕ್ಸೋದು ಹೇಗೆ? ಮಲೆನಾಡಿನವರಿಗೆ ಒಂದಿಷ್ಟು ಅನುಭವದ ಮಾತು

ನಾವು ಹಾಕಿದ ಮೊದಲನೇ ಫಲಕ ಒಂದು ಮಳೆಗಾಲನೂ ದಾಟ್ಲಿಲ್ಲ. ತೀರ್ಥಹಳ್ಳಿ ಕಡೆ ಒಬ್ಬರು ಹಳೇ ಯಕ್ಷಗಾನ ಭಾಗವತರು ಇದ್ದ ಮನೆ, ನಾವು ನಾಲ್ಕೈದು ಜನ ದುಡ್ಡು ಸೇರಿಸಿ ಸನ್‌ಬೋರ್ಡ್ ಮೇಲೆ ಕಲರ್ ಸ್ಟಿಕ್ಕರ್ ಹೊಡೆಸಿ, ಫೋಟೋ ಹಾಕಿಸಿ, ಕೆಳಗೆ ನಮ್ಮೆಲ್ಲರ ಹೆಸರೂ ಹಾಕಿಸಿ ಭಾರೀ ಖುಷಿಲಿ ಗೋಡೆಗೆ ಹೊಡೆದ್ವಿ. ಜುಲೈ ಹೊತ್ತಿಗೆ ಸ್ಟಿಕ್ಕರ್ ಉಬ್ಬಿತು, ಆಗಸ್ಟಿಗೆ ಭಾಗವತರ ಮುಖ ಅರ್ಧ ಕಿತ್ತು ಬಂತು, ಆಮೇಲೆ ಒಂದಿನ ಗಾಳಿಗೆ ಬೋರ್ಡೇ ಹೋಗಿ ತೋಟದ ಕಪ್ಪಿನಲ್ಲಿ, ಅಂದ್ರೆ ನೀರು ಹೋಗೋ ಕಾಲುವೆಲಿ, ಬಿತ್ತು. ಹೋಗಿದ್ದೇ ಒಳ್ಳೇದಾಯ್ತು ಬಿಡಿ, ಯಾಕಂದ್ರೆ ಅದರಲ್ಲಿ ನಾವು ಹಾಕಿದ್ದ ಹುಟ್ಟಿದ ಇಸವಿ ತಪ್ಪಾಗಿತ್ತು, ಸುಮಾರು ಅಲ್ಲ, ಅರವತ್ತು ವರ್ಷ ತಪ್ಪು. ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ಆಮೇಲೆ ಇನ್ನೂ ಕೆಲವು ಮನೆಗೆ ಹಾಕಿದೀವಿ, ಅವು ನಿಂತಿವೆ. ಈಗ ಬೇರೆ ಬೇರೆ ಊರಿನವರು ಕೇಳ್ತಾ ಇರ್ತಾರೆ, ನಮ್ಮೂರಲ್ಲೂ ಒಬ್ರು ಇದ್ರು, ಎಂತ ಮಾಡೋದು, ಎಲ್ಲಿಂದ ಶುರು ಮಾಡೋದು ಅಂತ. ಅದಕ್ಕೇ ಒಂದೇ ಕಡೆ ಬರೆದಿಡ್ತಾ ಇದೀನಿ.

ಮೊದಲು ಒಂದು ವಿಷಯ. ಫಲಕ ಹಾಕಿದ್ರೆ ಮನೆ ಉಳಿಯತ್ತೆ ಅನ್ಕೊಂಡು ಹೊರಡಬೇಡಿ. ಲಂಡನ್ನಿನಲ್ಲಿ ಇಂಥ ಫಲಕ ಹಾಕೋ ಪದ್ಧತಿ 1866ರಲ್ಲಿ ಶುರುವಾಗಿದ್ದು, ಮೊದಲನೇದು ಹಾಕಿದ್ದು 1867ರಲ್ಲಿ, ಕವಿ ಬೈರನ್ ಹುಟ್ಟಿದ ಮನೆಗೆ. ಆ ಮನೆನ 1889ರಲ್ಲಿ ಕೆಡವಿಯೇ ಬಿಟ್ರು, ಫಲಕ ಇದ್ದಂಗೇ. ಈಗಲೂ ಅಲ್ಲಿ ಆ ನೀಲಿ ದುಂಡು ಫಲಕಕ್ಕೆ ಕಾನೂನಿನ ರಕ್ಷಣೆ ಅಂತ ಏನೂ ಇಲ್ಲ. ನಮ್ಮಲ್ಲಂತೂ ಹೆಂಚು ಕೈಯಾಡಿಸದೆ ಎರಡು ಮೂರು ಮಳೆಗಾಲ ಬಿಟ್ರೆ ಸಾಕು, ರೀಪು ಕೊಳೆತು ಮಾಡು (ಛಾವಣಿ) ಕೂತ್ಕೊಳತ್ತೆ, ಆಮೇಲೆ ಮಣ್ಣಿನ ಗೋಡೆ ಕರಗೋಕೆ ಒಂದೇ ವರ್ಷ. ಫಲಕದ ಕೆಲಸ ಇಷ್ಟೇ, ಈ ಗೋಡೆಯ ಒಳಗೆ ಯಾರು, ಯಾವಾಗ, ಎಷ್ಟು ವರ್ಷ ಇದ್ರು ಅಂತ ಸುಳ್ಳಿಲ್ಲದೆ ಹೇಳೋದು. ಅಷ್ಟು ಮಾಡಿದ್ರೆ ದೊಡ್ಡದು.

ಹಾಗಂತ ಇದು ಫಾರಿನ್ ಐಡಿಯಾ ಅಂತ ಮೂಗು ಮುರಿಯೋರಿಗೂ ಒಂದು ಮಾತು. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬ, ಬಳ್ಳಿಗಾವಿಯ ಶಾಸನಗಳು, ಊರೂರಿನ ಗದ್ದೆ ಅಂಚಲ್ಲಿ ನಿಂತಿರೋ ವೀರಗಲ್ಲು, ಮಾಸ್ತಿಕಲ್ಲು ಇವೆಲ್ಲ ಮತ್ತಿನ್ನೇನು? ಶಾಸನ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಸಾಹೇಬರು ಶಿವಮೊಗ್ಗ ಜಿಲ್ಲೆ ಶಾಸನಗಳಿಗೆ ಅಂತಲೇ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದಲ್ಲಿ ಎರಡು ಸಂಪುಟ ತೆಗೆದಿಡಬೇಕಾಯ್ತು, ಏಳು ಮತ್ತು ಎಂಟು. ಕಲ್ಲಿನ ಮೇಲೆ ಹೆಸರು ಬರೆದು ನಿಲ್ಸೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಾವು ಮರೆತಿರೋದು ಏನಂದ್ರೆ ಕಲ್ಲು ಯಾಕೆ ಅನ್ನೋದು.

ಯಾರ ಮನೆ

ಇದರಲ್ಲೇ ಜಗಳ ಶುರುವಾಗತ್ತೆ. ಲಂಡನ್ನಿನವರು ಒಂದು ನಿಯಮ ಇಟ್ಕೊಂಡಿದಾರೆ, ವ್ಯಕ್ತಿ ತೀರಿ ಹೋಗಿ ಇಪ್ಪತ್ತು ವರ್ಷ ಆಗಿರಬೇಕು. ಆ ಲೆಕ್ಕದಲ್ಲಿ 2014ರಲ್ಲಿ ಹೋದ ಅನಂತಮೂರ್ತಿಯವರಿಗೆ 2034ರ ತನಕ ಕಾಯಬೇಕು. ನಂಗೆ ಇದು ನಮ್ಮ ಕಡೆಗೆ ಸರಿ ಹೋಗಲ್ಲ ಅನ್ಸತ್ತೆ, ಅಷ್ಟರಲ್ಲಿ ಮನೆನೂ ಇರಲ್ಲ, ಹೇಳೋ ಮುದುಕರೂ ಇರಲ್ಲ. ಆದ್ರೆ ಬದುಕಿರೋರ ಮನೆಗೆ ಹಾಕೋದು ಬೇಡ, ಅದು ಫಲಕ ಆಗಲ್ಲ, ಬರ್ತ್‌ಡೇ ಫ್ಲೆಕ್ಸ್ ಆಗತ್ತೆ.

ಇನ್ನೊಂದು, ನಮ್ಮ ಜಿಲ್ಲೆಲಿ ದೊಡ್ಡ ಹೆಸರು ಜಾಸ್ತಿ ಇರೋದೇ ಒಂದು ತೊಂದರೆ. ಕುಪ್ಪಳಿಯ ಕವಿಮನೆ ಆಗಲೇ ಮ್ಯೂಸಿಯಂ, ಅಲ್ಲಿ ನಾವು ನೀವು ಹೋಗಿ ಮಾಡೋಕೆ ಏನಿಲ್ಲ. ಮೇಳಿಗೆ (ಅನಂತಮೂರ್ತಿ), ಕೋಣಗವಳ್ಳಿ (ಲಂಕೇಶ್), ಕುಬಟೂರು (ಬಂಗಾರಪ್ಪ), ಹೆಗ್ಗೋಡು (ಕೆ.ವಿ. ಸುಬ್ಬಣ್ಣ) ಇವುಗಳ ಹೆಸರು ಹೇಳಿದ ಕೂಡ್ಲೇ ಯಾರ ಊರು ಅಂತ ಜನಕ್ಕೆ ಗೊತ್ತಾಗತ್ತೆ. ಗೊತ್ತಾಗದೇ ಇರೋರ ಮನೆ ಹುಡುಕಿ. ಇಡೀ ಹೋಬಳಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ, ಕಾಮಾಲೆಗೆ ಔಷಧಿ ಕೊಡ್ತಿದ್ದ ನಾಟಿ ವೈದ್ಯರು, ಮೊದಲನೇ ಸ್ಕೂಲಿಗೆ ತನ್ನ ಜಗಲಿ ಬಿಟ್ಟುಕೊಟ್ಟೋರು, ಸಾಗರ ಸೊರಬದ ಮರ ಕೆತ್ತೋ ಗುಡಿಗಾರ ಮನೆತನಗಳು. ಗೇಣಿದಾರರು ಒಡೆಯರ ವಿರುದ್ಧ ಮಾಡಿದ 1951ರ ಕಾಗೋಡು ಸತ್ಯಾಗ್ರಹ ಅಂದ್ರೆ ಎಲ್ರಿಗೂ ಲೋಹಿಯಾ ಬಂದು ಅರೆಸ್ಟ್ ಆಗಿದ್ದು, ಗೋಪಾಲಗೌಡರು, ಗಣಪತಿಯಪ್ಪ ಇಷ್ಟು ನೆನಪಿರತ್ತೆ. ಗದ್ದೆಗಿಳಿದು ಜೈಲಿಗೆ ಹೋದ ಗೇಣಿದಾರರ ಮನೆ ಎಲ್ಲಿ ಅಂತ ಕೇಳಿ ನೋಡಿ, ಪಕ್ಕದ ಕೇರಿಯವರಿಗೇ ಗೊತ್ತಿರಲ್ಲ.

ಇದೇ ಮನೆನಾ ಅಂತ ಗಟ್ಟಿ ಮಾಡ್ಕೊಳ್ಳೋದು

ಈ ಲೇಖನದಲ್ಲಿ ಬೇರೇನು ಓದದಿದ್ರೂ ಇದೊಂದು ಓದಿ, ಯಾಕಂದ್ರೆ ಕಲ್ಲಿನ ಮೇಲೆ ತಪ್ಪಾದ್ರೆ ಡಿಲೀಟ್ ಬಟನ್ ಇಲ್ಲ.

ನಮ್ಮ ಕಡೆ ಅತಿ ಹೆಚ್ಚು ಆಗೋ ತಪ್ಪು ಹುಟ್ಟಿದ ಮನೆದು. ಬಾಣಂತನಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗ್ತಾರೆ, ಹಾಗಾಗಿ ಮಗು ಹುಟ್ಟೋದು ಅಜ್ಜನ ಮನೇಲಿ, ಬೆಳೆಯೋದು ಅಪ್ಪನ ಮನೇಲಿ. ಕುವೆಂಪು ಅವರದ್ದೇ ತಗೊಳ್ಳಿ, ಎಲ್ರೂ ಕುಪ್ಪಳಿಲಿ ಹುಟ್ಟಿದ್ದು ಅಂತಾರೆ, ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಲಿ, ತಾಯಿಯ ತವರಲ್ಲಿ, 1904ರ ಡಿಸೆಂಬರ್ 29ಕ್ಕೆ. ಬೆಳೆದಿದ್ದು ಕುಪ್ಪಳಿ. ಆಮೇಲೆ ಬಾಳಿದ್ದು ಮೈಸೂರಿನ ಉದಯರವಿ. ಮೂರು ಮನೆಗೆ ಮೂರು ಬೇರೆ ಬೇರೆ ವಾಕ್ಯ ಬೇಕು, ಮೂರಕ್ಕೂ ‘ಕುವೆಂಪು ಮನೆ’ ಅಂತ ಹಾಕಿದ್ರೆ ಯಾವುದಕ್ಕೂ ನ್ಯಾಯ ಆಗಲ್ಲ. ಅದಕ್ಕೇ ನೀವು ವಿಚಾರಿಸೋವಾಗ ‘ಅವರ ಮನೆ ಇದೇನಾ’ ಅಂತ ಕೇಳಬೇಡಿ, ಎಲ್ರೂ ಹೌದು ಅಂತಾರೆ. ಬಾಣಂತನ ಎಲ್ಲಾಯ್ತು, ಶಾಲೆಗೆ ಹೋಗೋವಾಗ ಯಾರ ಮನೇಲಿದ್ರು, ಹಿಸ್ಸೆ ಆದ್ಮೇಲೆ ಯಾವ ಮನೆ ಬಂತು, ಕೊನೆಗಾಲ ಎಲ್ಲಿ, ಹೀಗೆ ಒಂದೊಂದೇ ಕೇಳಿ.

ಈಗ ನಮ್ಮ ಅರವತ್ತು ವರ್ಷದ ಕಥೆ. ಭಾಗವತರ ಮನೇಲಿ ಒಂದು ಹಳೇ ಜಾತಕ ಸಿಕ್ತು, ಸಂವತ್ಸರದ ಹೆಸರು, ಮಾಸ, ತಿಥಿ ಎಲ್ಲ ಇತ್ತು, ಇಸವಿ ಮಾತ್ರ ಇರ್ಲಿಲ್ಲ. ನಮ್ಮಲ್ಲಿ ಒಬ್ಬ ಮೊಬೈಲಲ್ಲಿ ನೋಡಿ ಆ ಸಂವತ್ಸರಕ್ಕೆ ಯಾವ ಇಸವಿ ಬಂತೋ ಅದನ್ನೇ ಬರ್ಕೊಂಡ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರತ್ತೆ ಅಲ್ವಾ ಮಾರಾಯ್ರೆ! ಕ್ರೋಧಿ ಅಂದ್ರೆ 1904ನೂ ಹೌದು, 1964ನೂ ಹೌದು, 2024ನೂ ಹೌದು. ಇನ್ನೂ ಒಂದು ಸೂಕ್ಷ್ಮ ಇದೆ, ಸಂವತ್ಸರ ಶುರುವಾಗೋದು ಯುಗಾದಿಗೆ, ಹಾಗಾಗಿ ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದ್ದು ಅಂದ್ರೆ ಇಸವಿ ಬಹುಪಾಲು ಒಂದು ಮುಂದಕ್ಕೆ ಹೋಗತ್ತೆ. ಶಾಲೆ ದಾಖಲಾತಿ ಪುಸ್ತಕದ ಜನ್ಮ ದಿನಾಂಕನೂ ಕಣ್ಮುಚ್ಚಿ ನಂಬಬೇಡಿ, ಮೇಷ್ಟ್ರು ಸೇರಿಸ್ಕೊಳ್ಳೋಕೆ ಅನುಕೂಲ ಆಗೋ ಹಾಗೆ ಬರೆದಿರೋದೇ ಜಾಸ್ತಿ, ಹಳೇ ರಿಜಿಸ್ಟರಲ್ಲಿ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿರತ್ತೆ. ಎರಡು ಕಡೆ ತಾಳೆ ಆಗದಿದ್ರೆ ದಿನಾಂಕ ಬಿಟ್ಟುಬಿಡಿ, ಇಸವಿ ಮಾತ್ರ ಹಾಕಿ. ಇಸವಿನೂ ಗೊತ್ತಾಗದಿದ್ರೆ ‘1920ರ ದಶಕದಲ್ಲಿ’ ಅಂತ ಹಾಕೋದ್ರಲ್ಲಿ ಅವಮಾನ ಏನೂ ಇಲ್ಲ.

ಮನೆಗೆ ದಾಖಲೆ ಎಲ್ಲಿ ಸಿಗತ್ತೆ ಅಂದ್ರೆ, ಹಳ್ಳಿ ಆದ್ರೆ ಗ್ರಾಮ ಪಂಚಾಯ್ತಿಯ ಮನೆ ಕಂದಾಯದ ಹಳೇ ರಿಜಿಸ್ಟರ್, ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಕೈಬರಹದ ಪಹಣಿ ಮತ್ತು ಮ್ಯುಟೇಶನ್, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕ್ರಯಪತ್ರ, ವಿಭಾಗಪತ್ರದ ನಕಲು. ಶಿವಮೊಗ್ಗ ಸಿಟಿ ಒಳಗೆ ಆದ್ರೆ ಪಾಲಿಕೆಯ ಖಾತೆ. ಹಳೇ ಮತದಾರರ ಪಟ್ಟಿ ಸಿಕ್ರೆ ಅದು ಬಂಗಾರ, ಮನೆ ನಂಬರ್ ಸಮೇತ ಯಾರ್ಯಾರು ಇದ್ರು ಅಂತ ಇರತ್ತೆ. ಹಳೇ ಇನ್‌ಲ್ಯಾಂಡ್ ಲೆಟರ್, ಮದುವೆ ಕಾಗದ ಇವುನ್ನ ಅಟ್ಟದಿಂದ ಇಳಿಸಿ ನೋಡಿ, ವಿಳಾಸ, ಪೋಸ್ಟ್ ಸೀಲು ಎರಡೂ ಸಾಕ್ಷಿ. ಆದ್ರೆ ಗೇಣಿದಾರರ, ಕೂಲಿಯವರ ಮನೆ ಆಗಿದ್ರೆ ಕಾಗದದಲ್ಲಿ ಅವರ ಹೆಸರು ಹುಡುಕಿ ಸಮಯ ಹಾಳು ಮಾಡ್ಕೊಬೇಡಿ, ಜಾಗ ಆಗ ಒಡೆಯರ ಹೆಸರಲ್ಲೇ ಇರ್ತಿತ್ತು. ಅಲ್ಲಿ ಬಾಯಿಮಾತೇ ದಾಖಲೆ. ಒಬ್ಬರಿಗೊಬ್ರು ಸಂಬಂಧ ಇಲ್ಲದ ಮೂರು ಜನ ಹಿರಿಯರ ಹತ್ರ ಬೇರೆ ಬೇರೆಯಾಗಿ ಕೇಳಿ, ಒಟ್ಟಿಗೆ ಕೂರಿಸಿ ಕೇಳಿದ್ರೆ ಮೊದಲು ಮಾತಾಡಿದವರ ಮಾತನ್ನೇ ಉಳಿದವರೂ ಹೇಳ್ತಾರೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕೇಳಿ ಮಾಡ್ಕೊಳ್ಳಿ.

ಮನೆಯವರನ್ನ ಒಪ್ಪಿಸೋದು

ಈಗಿನ ಮನೆಯವರಿಗೆ ಎರಡು ಭಯ ಇರತ್ತೆ. ಒಂದು, ಫಲಕ ಹಾಕಿದ್ರೆ ಸರ್ಕಾರ ಮನೆ ತಗೊಳತ್ತೆ ಅಂತ. ಎರಡು, ದಿನಾ ಕಾರು ಬಂದು ಅಂಗಳದಲ್ಲಿ ನಿಂತು, ಅಡಿಕೆ ಒಣ ಹಾಕಿರೋದರ ಮೇಲೆ ನಡ್ಕೊಂಡು ಬಂದು ‘ಒಳಗೆ ನೋಡಬಹುದಾ’ ಅಂತಾರೆ ಅಂತ. ಮೊದಲನೇದು ಸುಳ್ಳು ಭಯ, ಒಂದು ಖಾಸಗಿ ಮನೆಗೆ ನಾವು ನೀವು ಫಲಕ ಹಾಕಿದ ಮಾತ್ರಕ್ಕೆ ಅದು ಸ್ಮಾರಕ ಆಗಲ್ಲ, ಸಂರಕ್ಷಿತ ಸ್ಮಾರಕ ಅಂತ ಮಾಡೋಕೆ ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕೆಳಗೆ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ಎರಡನೇದು ಸುಳ್ಳಲ್ಲ, ನಿಜವಾಗಲೂ ಬರ್ತಾರೆ. ಅದಕ್ಕೆ ಫಲಕನ ದಣಪೆ (ಅಂಗಳದ ಗೇಟು) ಹತ್ರ ಹಾಕೋದು ಒಂದು ದಾರಿ, ಬಂದವರು ಅಲ್ಲೇ ನೋಡಿ, ಫೋಟೋ ಹೊಡೆದು ಹೋಗ್ಲಿ. ಕೆಳಗೆ ಸಣ್ಣಕ್ಕೆ ‘ಇದು ಜನ ವಾಸವಿರುವ ಖಾಸಗಿ ಮನೆ’ ಅಂತ ಒಂದು ಸಾಲು ಹಾಕಿ.

ಮನೆ ಹಿಸ್ಸೆ ಆಗದೆ ಉಳಿದಿದ್ರೆ ಅಣ್ಣತಮ್ಮ ಅಕ್ಕತಂಗಿ ಎಲ್ರ ಒಪ್ಪಿಗೆ ತಗೊಳ್ಳಿ, ಬರವಣಿಗೆಲಿ. ಮನೇಲಿ ಇರೋ ಒಬ್ರು ‘ಹಾಕಿ ಹಾಕಿ, ಅದಕ್ಕೆಂತ ಕೇಳೋದು’ ಅಂದ್ರು ಅಂತ ಹಾಕ್ಬಿಟ್ರೆ ಬೆಂಗಳೂರಲ್ಲಿರೋ ತಮ್ಮ ಹಬ್ಬಕ್ಕೆ ಬಂದವನು ‘ಇದನ್ನ ಇಟ್ಕೊಂಡು ಮನೆ ನಿಂದೇ ಅಂತ ಕೋರ್ಟಿಗೆ ಹೋಗ್ತೀಯಾ’ ಅಂತ ಶುರು ಮಾಡ್ತಾನೆ. ನಮಗೆ ಆಗಿದೆ ಇದು. ಒಪ್ಪಿಗೆ ಪತ್ರದಲ್ಲಿ ಮೂರೇ ಮಾತು ಸಾಕು: ಫಲಕದಿಂದ ಯಾರಿಗೂ ಆಸ್ತಿ ಹಕ್ಕು ಬರೋದೂ ಇಲ್ಲ ಹೋಗೋದೂ ಇಲ್ಲ, ಮನೆ ರಿಪೇರಿ ಮಾಡೋಕೆ ಕೆಡವೋಕೆ ಅಡ್ಡಿ ಇಲ್ಲ, ತೆಗೀಬೇಕಾದ್ರೆ ಒಂದು ಮಾತು ಹೇಳಿ ನಾವೇ ಬಂದು ತಗೊಂಡು ಹೋಗ್ತೀವಿ. ರಸ್ತೆ ಬದಿ ನಿಲ್ಲಿಸೋದಾದ್ರೆ ಪಂಚಾಯ್ತಿಗೆ ಅರ್ಜಿ ಕೊಟ್ಟು ಠರಾವು ಮಾಡಿಸ್ಕೊಳ್ಳಿ, ಪಿಡಬ್ಲ್ಯೂಡಿ ರಸ್ತೆ ಆದ್ರೆ ಅವರ ಕಡೆಯಿಂದನೂ, ಇಲ್ಲಾಂದ್ರೆ ರಸ್ತೆ ಅಗಲ ಮಾಡೋವಾಗ ಜೆಸಿಬಿ ಮೊದಲು ಎತ್ತೋದು ಅದನ್ನೇ.

ಏನು ಬರೆಯೋದು

ಇಪ್ಪತ್ತು ಇಪ್ಪತ್ತೈದು ಪದ. ಅದರ ಮೇಲೆ ಹೋದ್ರೆ ಯಾರೂ ಓದಲ್ಲ. ಹೆಸರು, ಹುಟ್ಟು ಸಾವಿನ ಇಸವಿ, ಏನು ಮಾಡಿದವರು, ಈ ಮನೆಗೂ ಅವರಿಗೂ ಏನು ಸಂಬಂಧ, ಯಾವ ಇಸವಿಯಿಂದ ಯಾವ ಇಸವಿ ತನಕ. ಮುಗೀತು. ಮಾದರಿಗೆ ಹೀಗೆ ಇಟ್ಕೊಳ್ಳಿ: ‘ಭಾಗವತ ಇಂಥವರು, ಇಸವಿ, ಇಸವಿ. 1938ರಿಂದ 1961ರವರೆಗೆ ಈ ಮನೆಯಲ್ಲಿದ್ದರು. ಈ ಜಗಲಿಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು.’ ನೋಡಿ, ಆ ಜಗಲಿ ಅನ್ನೋ ಪದ ಇದೆಯಲ್ಲ, ಅದನ್ನ ಓದಿದವರು ತಲೆ ಎತ್ತಿ ಜಗಲಿ ನೋಡ್ತಾರೆ.

ಬಿಡಬೇಕಾದ್ದು ಏನು ಅಂದ್ರೆ ಮೇರು, ಧೀಮಂತ, ಅಪ್ರತಿಮ, ನಾಡಿನ ಹೆಮ್ಮೆಯ, ಇಂಥವೆಲ್ಲ. ಕಲ್ಲು ಕೆತ್ತೋರು ಕೆಲವರು ಅಕ್ಷರದ ಲೆಕ್ಕದಲ್ಲೇ ದುಡ್ಡು ತಗೊಳ್ತಾರೆ, ಹೊಗಳಿಕೆ ಕಡಿಮೆ ಮಾಡೋಕೆ ಅದಕ್ಕಿಂತ ಒಳ್ಳೇ ಕಾರಣ ಬೇಡ. ಮತ್ತೆ ದಾನಿಗಳ ಹೆಸರು, ಉದ್ಘಾಟಕರ ಹೆಸರು, ‘ಅಮೃತ ಹಸ್ತದಿಂದ’ ಇದ್ಯಾವುದೂ ಬೇಡ. ಊರಲ್ಲಿ ಒತ್ತಾಯ ಬಂದೇ ಬರತ್ತೆ, ದುಡ್ಡು ಕೊಟ್ಟವರು ಬಾಯಿ ಬಿಟ್ಟು ಕೇಳದಿದ್ರೂ ಮುಖ ನೋಡಿದ್ರೆ ಗೊತ್ತಾಗತ್ತೆ. ನಾವು ಮಾಡಿದ್ದು ಎಂತ ಅಂದ್ರೆ ಕಲ್ಲಿನ ಹಿಂದುಗಡೆ ಕೆತ್ತಿಸಿಬಿಟ್ವಿ, ಗೋಡೆ ಕಡೆಗೆ. ಎಲ್ರೂ ನಕ್ಕೊಂಡು ಒಪ್ಪಿದ್ರು.

‘ಈ ಮನೆ’ ಅನ್ನೋದಕ್ಕೂ ‘ಈ ಜಾಗದಲ್ಲಿದ್ದ ಮನೆ’ ಅನ್ನೋದಕ್ಕೂ ವ್ಯತ್ಯಾಸ ಇಟ್ಕೊಳ್ಳಿ. ಹಳೇ ತೊಟ್ಟಿಮನೆ ಕೆಡವಿ ಆರ್‌ಸಿಸಿ ಕಟ್ಟಿದ್ರೆ ಎರಡನೇದೇ ಸರಿ. ಶರಾವತಿ ಕಡೆಯವರಿಗಂತೂ ಇದು ಇನ್ನೂ ಕಷ್ಟ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಊರಿಗೆ ಊರೇ ನೀರಿನ ಅಡಿಗೆ ಹೋಯ್ತು, ಮನೆಯವರು ಶಿವಮೊಗ್ಗ ಹತ್ರ ಎಲ್ಲೆಲ್ಲೋ ಕಾಡು ಕಡಿದು ಮತ್ತೆ ಮನೆ ಕಟ್ಕೊಂಡ್ರು. ಅಂಥವರ ಮನೆಗೆ ಎಲ್ಲಿ ಫಲಕ ಹಾಕೋದು? ನನ್ನ ಪ್ರಕಾರ ಎರಡು ಹಾಕಬೇಕು. ಒಂದು, ಆಮೇಲೆ ಬಂದು ನೆಲೆ ನಿಂತ ಮನೆಗೆ. ಇನ್ನೊಂದು ಹಿನ್ನೀರಿನ ದಂಡೆ ಮೇಲೆ, ಊರು ಯಾವ ದಿಕ್ಕಿಗಿತ್ತು ಅಂತ ಬಾಣದ ಗುರುತು ಹಾಕಿ. ಬಿರು ಬೇಸಿಗೆಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದು ಕಾಣತ್ತಲ್ಲ, ನೋಡೋಕೆ ಜನ ಹೋಗ್ತಾರಲ್ಲ, ಆ ಜನಕ್ಕೆ ಇಲ್ಲಿ ಬರೀ ಅಣೆಕಟ್ಟು ಮುಳುಗಿದ್ದಲ್ಲ ಅಂತನೂ ಗೊತ್ತಾಗ್ಲಿ.

ಕಲ್ಲಾ, ಲೋಹನಾ

ಆಗುಂಬೆಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಹೊಡೆಯತ್ತೆ. ಫ್ಲೆಕ್ಸು, ಸನ್‌ಬೋರ್ಡು, ಅಕ್ರಿಲಿಕ್ಕು, ವಿನೈಲ್ ಅಕ್ಷರ ಇವೆಲ್ಲ ಬಯಲುಸೀಮೆಗೆ ಬೇಕಾದ್ರೆ ನೋಡ್ಕೊಳ್ಳಿ. ಮರ ಚೆಂದ, ಗುಡಿಗಾರರ ಕೈಲಿ ಕೆತ್ತಿಸಿದ್ರೆ ಕಣ್ಣು ತುಂಬತ್ತೆ, ಆದ್ರೆ ಅದು ಜಗಲಿ ಒಳಗಡೆಗೆ ಮಾತ್ರ, ಹೊರಗಿಟ್ರೆ ಗೆದ್ದಲಿಗೆ ಹಬ್ಬ. ಹಿತ್ತಾಳೆದು ಕದೀತಾರೆ, ಕದಿಯದಿದ್ರೂ ಕಪ್ಪಾಗತ್ತೆ. ಒಂದು ಮನೇಲಿ ಹಾಕಿದ್ದ ಹಿತ್ತಾಳೆ ಫಲಕನ ಆ ಮನೆ ಅಮ್ಮ ಪಾಪ ದೀಪಾವಳಿ ಹೊತ್ತಿಗೆ ದೀಪದ ಕಂಬದ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿದ್ರು, ಅಕ್ಷರದೊಳಗಿನ ಕಪ್ಪು ಬಣ್ಣ ಪೂರ್ತಿ ಹೋಗಿ ಈಗ ಬೆಳಕಿಗೆ ಓರೆ ಮಾಡಿ ಓದಬೇಕು.

ಹಾಗಾಗಿ ಗ್ರಾನೈಟ್. ಕಪ್ಪು ಗ್ರಾನೈಟ್, ಮುಕ್ಕಾಲು ಇಂಚಿಗೆ ಕಡಿಮೆ ಇಲ್ಲದ ದಪ್ಪ, ಅಕ್ಷರ ಒಳಗೆ ಇಳಿಸಿ ಕೆತ್ತಿದ್ದು. ಬಣ್ಣ ಹೋದ್ರೂ ಅಕ್ಷರ ಕೈಗೆ ಸಿಗಬೇಕು. ಒಂದೂವರೆ ಅಡಿ ಅಗಲ ಒಂದಡಿ ಎತ್ತರ ಇದ್ರೆ ಧಾರಾಳ. ಹೆಸರಿನ ಅಕ್ಷರ ಒಂದಿಂಚಾದ್ರೂ ಇರ್ಲಿ, ಉಳಿದದ್ದು ಅದಕ್ಕಿಂತ ಸ್ವಲ್ಪ ಸಣ್ಣ. ಕನ್ನಡಕ್ಕೆ ಸಾಲಿನ ಮಧ್ಯ ಜಾಗ ಜಾಸ್ತಿ ಬೇಕು, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ, ತಲಕಟ್ಟಿಗೆ ತಾಗಿದ್ರೆ ಕೆತ್ತೋವಾಗ ಎರಡೂ ಒಡೆದು ಸೇರ್ಕೊಳತ್ತೆ.

ಫೈಲ್ ಕೊಡೋ ವಿಷಯ ಹುಷಾರು. ವಾಟ್ಸಾಪಲ್ಲಿ ಟೈಪ್ ಮಾಡಿ ಕಳಿಸಬೇಡಿ. ಅವರ ಕಂಪ್ಯೂಟರಲ್ಲಿ ಹಳೇ ನುಡಿ ಫಾಂಟ್ ಇರತ್ತೆ, ನಿಮ್ಮದು ಯೂನಿಕೋಡ್, ಮಧ್ಯ ಬದಲಾಯಿಸೋವಾಗ ಅರ್ಕಾವೊತ್ತು ಒಂದು ಅಕ್ಷರ ಆಚೆ ಹೋಗಿ ಕೂರತ್ತೆ, ಕೆತ್ತೋ ಹುಡುಗನಿಗೆ ಕನ್ನಡ ಓದೋಕೆ ಬರದೇನೂ ಇರಬಹುದು. ಡಿಸೈನ್ ಮಾಡೋರ ಹತ್ರ ಅಕ್ಷರನೆಲ್ಲ ಕರ್ವ್ ಮಾಡಿಸಿ, ಅಂದ್ರೆ ಫಾಂಟ್ ಬೇಡದ ಹಾಗೆ ಗೆರೆಯ ಚಿತ್ರ ಮಾಡಿಸಿ, ಪಿಡಿಎಫ್ ಕೊಡಿ. ಅದಕ್ಕೂ ಮುಂಚೆ ಅದೇ ಅಳತೆಗೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಆ ಗೋಡೆಗೇ ಒಂದಿನ ಅಂಟಿಸಿಡಿ. ಮನೆಯವರು, ಪೋಸ್ಟ್‌ಮ್ಯಾನ್, ಹಾಲಿನವರು, ನಿವೃತ್ತ ಮೇಷ್ಟ್ರು ಎಲ್ರೂ ಓದ್ಲಿ, ಮೇಷ್ಟ್ರು ಒಂದು ತಪ್ಪು ಹಿಡಿದೇ ಹಿಡೀತಾರೆ, ಹಿಡಿಯೋದೂ ಒಳ್ಳೇದೇ.

ಕ್ಯೂಆರ್ ಕೋಡ್ ಹಾಕೋಣ ಅಂತ ಹುಡುಗರು ಹೇಳ್ತಾರೆ. ನಾನು ಬೇಡ ಅಂತೀನಿ. ಕಲ್ಲು ನೂರು ವರ್ಷ ಇರತ್ತೆ, ಲಿಂಕು ಎರಡು ವರ್ಷ ಇದ್ರೆ ಹೆಚ್ಚು, ಮತ್ತೆ ಅರ್ಧ ಊರಲ್ಲಿ ನೆಟ್‌ವರ್ಕೇ ಇಲ್ಲ.

ಗೋಡೆಗೆ ಹಾಕೋದು

ಡಿಸೆಂಬರಿಂದ ಮಾರ್ಚ್ ಒಳಗೆ ಮಾಡಿ ಮುಗಿಸಿ, ಗೋಡೆ ಒಣಗಿರತ್ತೆ. ಜಂಬಿಟ್ಟಿಗೆ ಗೋಡೆ ಆದ್ರೆ ಮೆಲ್ಲ ಡ್ರಿಲ್ ಮಾಡಿ, ಹ್ಯಾಮರ್ ಮೋಡ್ ಹಾಕಿದ್ರೆ ಕಲ್ಲು ಪುಡಿ ಪುಡಿ ಉದುರತ್ತೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಮಾತ್ರ, ಮಾಮೂಲಿ ಕಬ್ಬಿಣದ್ದು ಹಾಕಿದ್ರೆ ಎರಡೇ ಮಳೆಗೆ ಕೆಂಪು ತುಕ್ಕು ಇಳಿದು ಗೋಡೆ ರಕ್ತ ಸುರಿದಂಗೆ ಕಾಣತ್ತೆ. ಫಲಕಕ್ಕೂ ಗೋಡೆಗೂ ಅರ್ಧ ಇಂಚು ಸಂದಿ ಬಿಡಿ, ಹಿಂದೆ ನೀರು ನಿಲ್ಲಬಾರದು. ಮಣ್ಣಿನ ಗೋಡೆಗೆ ಕೈ ಹಾಕಲೇಬೇಡಿ, ಸಿಮೆಂಟ್ ಮೆತ್ತಿ ಕೂರಿಸೋದಂತೂ ಬೇಡವೇ ಬೇಡ, ಸಿಮೆಂಟ್ ಒಣಗಿ ಹಿಡ್ಕೊಂಡಿರತ್ತೆ, ಹಿಂದಿನ ಮಣ್ಣು ಬಿಟ್ಕೊಂಡು ಫಲಕದ ಸಮೇತ ಕೆಳಗೆ ಬೀಳತ್ತೆ. ಅಂಥ ಮನೆಗೆ ದಣಪೆ ಪಕ್ಕ ಎರಡೂವರೆ ಅಡಿ ಕಲ್ಲುಕಂಬ ಹೂತು ಅದರ ಮೇಲೆ ಓರೆಯಾಗಿ ಫಲಕ ಕೂರಿಸಿ.

ಯಾವ ಗೋಡೆ ಅಂತನೂ ನೋಡಿ. ಪಡುವಣದ ಗೋಡೆಗೆ ಮಳೆ ಅಡ್ಡಡ್ಡ ಬಡಿಯತ್ತೆ. ಹಳೇ ಮನೆಗಳಲ್ಲಿ ಮಳೆಗಾಲಕ್ಕೆ ಆ ಕಡೆ ಅಡಿಕೆ ಸೋಗೆ ತಟ್ಟಿ ಕಟ್ತಾರೆ, ಈಗ ಕೆಲವರು ನೀಲಿ ಟಾರ್ಪಾಲ್. ಅಲ್ಲಿ ಫಲಕ ಹಾಕಿದ್ರೆ ಜೂನಿಂದ ಅಕ್ಟೋಬರ್ ತನಕ ಯಾರಿಗೂ ಕಾಣಲ್ಲ. ಸೂರಿನ ಕೆಳಗೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ನಡ್ಕೊಂಡು ಬರೋ ದಾರಿಗೆ ಮುಖ ಮಾಡಿರೋ ಗೋಡೆ ಒಳ್ಳೇದು.

ಕಾರ್ಯಕ್ರಮ ಸಣ್ಣಕ್ಕೆ ಮಾಡಿ. ಶಾಮಿಯಾನ, ಮೈಕು, ಸ್ವಾಗತ ಭಾಷಣ ಇದಕ್ಕೆ ಆಗೋ ಖರ್ಚಲ್ಲಿ ಇನ್ನೊಂದು ಕಲ್ಲು ಬರತ್ತೆ. ನಾವು ಆ ಮನೇಲಿ ಇರೋರಲ್ಲಿ ಎಲ್ಲಕ್ಕಿಂತ ವಯಸ್ಸಾದವರ ಕೈಲಿ ಬಟ್ಟೆ ಸರಿಸ್ತೀವಿ, ಕಾಫಿ, ಕಡುಬು, ಮುಗೀತು. ಶಾಲೆ ಮಕ್ಕಳನ್ನ ಕರೆದ್ರೆ ಒಂದು ಗಂಟೆ ಮೀರಿ ಕೂರಿಸಬೇಡಿ.

ಆಮೇಲೆ ವರ್ಷಕ್ಕೊಂದು ಸಲ ನೋಡ್ಕೊಳ್ಳೋದು ಇದೆ. ಮಳೆಗಾಲ ಮುಗಿದು ಸೋಗೆ ತಟ್ಟಿ ಬಿಚ್ಚಿದ ವಾರ ಹೋಗಿ, ತೆಂಗಿನ ನಾರಿನ ಬ್ರಷ್ಷು, ಬರೀ ನೀರು, ಪಾಚಿ ಬಿಟ್ಕೊಳತ್ತೆ. ಆಸಿಡ್ ಹಾಕಬೇಡಿ, ಬ್ಲೀಚಿಂಗ್ ಪೌಡರ್ ಬೇಡ. ಸ್ಕ್ರೂ ಅಲ್ಲಾಡ್ತಾ ಇದ್ಯಾ ನೋಡಿ, ಅಕ್ಷರದ ಬಣ್ಣ ಹೋಗಿದ್ರೆ ಸಣ್ಣ ಕುಂಚದಲ್ಲಿ ಇನಾಮಲ್ ಪೇಂಟ್ ತುಂಬಿ. ಒಂದು ಫೋಟೋ ತಗೊಳ್ಳಿ, ಫಲಕದ್ದು ಮಾತ್ರ ಅಲ್ಲ, ಇಡೀ ಮನೆದು, ಮಾಡು ಕಾಣೋ ಹಾಗೆ. ಆ ಫೋಟೋಗಳನ್ನ ವರ್ಷವಾರು ಜೋಡಿಸಿಟ್ರೆ ಎಲ್ಲಿ ಹೆಂಚು ಜಾರ್ತಾ ಇದೆ ಅಂತ ಗೊತ್ತಾಗತ್ತೆ. ಭಾಗವತರ ಮನೇಲಿ ಹಾಗೆ ಗೊತ್ತಾಗಿ, ಹೋದ ಏಪ್ರಿಲಲ್ಲಿ ನಾವೇ ನಾಲ್ಕು ಜನ ಹತ್ತಿ ಇನ್ನೂರು ಹೆಂಚು ಬದಲಾಯಿಸಿ ಬಂದ್ವಿ, ಮನೆ ಅಮ್ಮ ಮಧ್ಯಾಹ್ನಕ್ಕೆ ಎಳೆ ಹಲಸಿನಕಾಯಿ ಹುಳಿ ಮಾಡಿದ್ರು.